ಎದಿಗೆ ಹಚ್ಚಬ್ಯಾಡ್ರಿ

ಯಲ್ಲೇಶನ ಮನೆಯಲ್ಲಿ ಆ ಗುರುವಾರ ಎದ್ದ ಗದ್ದಲಕ್ಕೆ ಅವನ ಹೆಂಡತಿಯ ಮೊಡವೆಯೇ ಕಾರಣ ಎಂದು ಬೆಳಗಾವಿ ಬದಿಯ ಪೀರನವಾಡಿಯ ಜನ ಇವತ್ತಿಗೂ ಹೇಳುತ್ತಾರೆ. ಪಾಪ, ಮೊಡವೆಯ ತಪ್ಪೇನೂ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಅನುರಾಧಾಳ ಗಲ್ಲದ ಮೇಲೆ ಕೂತಿತ್ತು. ತಪ್ಪೆಲ್ಲ ಯಲ್ಲೇಶನ ಕಿವಿಯದು.

ಅನುರಾಧಾ ಚೊಚ್ಚಲ ಬಾಣಂತನ ಮುಗಿಸಿ, ಐದು ತಿಂಗಳ ಕೂಸು ಅಮರನನ್ನು ಎತ್ತಿಕೊಂಡು ಖಾನಾಪುರದ ತವರಿನಿಂದ ಬಂದು ಇನ್ನೂ ವಾರ ತುಂಬಿರಲಿಲ್ಲ. ಅಷ್ಟು ತಿಂಗಳು ಯಲ್ಲೇಶ ಪಟ್ಟ ಪಾಡು ಶತ್ರುವಿಗೂ ಬೇಡ. ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನಿಗೆ ಹಗಲೇನೋ ಕಳೆಯುತ್ತಿತ್ತು. ಸಂಜೆಯಾದರೆ ಬಾಡಿಗೆ ಮನೆಯ ಗೋಡೆಗಳು ಮೈಮೇಲೆ ಬರುತ್ತಿದ್ದವು. ಖಾನಾವಳಿಯ ಝುಣಕ ತಿಂದು ತಿಂದು ನಾಲಿಗೆ ರುಚಿ ಮರೆತಿತ್ತು. ಈಗ ಮನೆಯಲ್ಲಿ ಜೋಳದ ರೊಟ್ಟಿಯ ಸಪ್ಪಳ ಕೇಳುತ್ತಿತ್ತು, ತೊಟ್ಟಿಲು ತೂಗುತ್ತಿತ್ತು. ಸ್ವರ್ಗ ಎಂದರೆ ಇದಕ್ಕಿಂತ ದೊಡ್ಡದೇನಲ್ಲ ಎಂದು ಅವನು ನಂಬಿದ್ದ.

ಆದರೆ ಆ ಸ್ವರ್ಗಕ್ಕೊಂದು ಕರಾರಿತ್ತು. ಮಗಳನ್ನು ಕಳಿಸುವಾಗ ಅತ್ತೆ ಮಾಯಕ್ಕ ಖಾನಾಪುರದ ಬಸ್‌ ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿ ಕೇಳುವಂತೆ ಹೇಳಿದ್ದಳು:

“ನೋಡ್ರಿ ಅಳಿಯಂದಿರ, ನೀವು ಜಗ್ಗಾಡಿದ್ರಿ ಅಂತ ಕಳಸಾಕತ್ತೀನಿ. ಕೂಸು ಒಂದ ಹೊತ್ತು ಹಾಲಿಲ್ಲದ ಅತ್ತಿದ್ದು ನನ್ನ ಕಿವಿಗೆ ಬಿತ್ತಂದ್ರ, ಬಂದು ಇಬ್ಬರನ್ನೂ ಹೊಳ್ಳಿ ಕರಕೊಂಡು ಹೋಗತೇನಿ. ಆಮ್ಯಾಲ ಅದಕ್ಕ ಹಲ್ಲು ಬಂದ ಮ್ಯಾಲನ ಕಳಸೂದು.”

ಯಲ್ಲೇಶ ಎರಡೂ ಕೈ ಜೋಡಿಸಿ ಒಪ್ಪಿದ್ದ.

ಇನ್ನು ಮೊಡವೆಗೆ ಬರೋಣ. ಹೆರಿಗೆಯಾದ ಮೇಲೆ ಅನುರಾಧಾಳ ಮುಖದ ತುಂಬ ಮೊಡವೆ ಎದ್ದಿದ್ದವು. ಬುಧವಾರ ಸಂಜೆ ಯಲ್ಲೇಶ ಅವಳನ್ನು ಬೆಳಗಾವಿಯ ಕ್ಯಾಂಪಿನ ಚರ್ಮದ ಡಾಕ್ಟರು ಗುರುಪಾದಪ್ಪನವರಲ್ಲಿಗೆ ಕರೆದುಕೊಂಡು ಹೋದ. ಡಾಕ್ಟರು ಮುಖ ನೋಡಿ ಚೀಟಿ ಬರೆಯುವ ಹೊತ್ತಿಗೆ ಅಮರ ದವಾಖಾನೆಯ ಛತ್ತು ಹಾರಿಹೋಗುವಂತೆ ಅಳತೊಡಗಿದ. ಅನುರಾಧಾ ಕೂಸನ್ನು ಎತ್ತಿಕೊಂಡು ಹೊರಗೆ ಓಡಿದಳು. ಉಳಿದ ಉಪದೇಶವೆಲ್ಲ ಯಲ್ಲೇಶನ ಕಿವಿಗೇ ಬಿತ್ತು, ಅಂದರೆ ಅರ್ಧ ಬಿತ್ತು, ಅರ್ಧ ಅಳುವಿನಲ್ಲಿ ಕೊಚ್ಚಿಹೋಯಿತು. ಬಟಾಣಿ ಕಾಳಿನಷ್ಟು ಮುಲಾಮು, ರಾತ್ರಿ ಮಲಗುವ ಮುಂದೆ, ಆಮೇಲೆ ಏನೇನೋ, ಕೊನೆಗೆ ಡಾಕ್ಟರು ಬೆರಳೆತ್ತಿ ಹೇಳಿದ ಒಂದು ಮಾತು: “ಎದಿಗೆ ಹಚ್ಚಬ್ಯಾಡ್ರಿ, ಮತ್ತ!”

ಅನುರಾಧಾ ರಾತ್ರಿ ಮುಲಾಮು ಹಚ್ಚಿಕೊಂಡು ಮಲಗಿದಳು. ಬೆಳಿಗ್ಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗು ಸರಿಸುವಷ್ಟರಲ್ಲಿ, ಹಲ್ಲುಜ್ಜುತ್ತಿದ್ದ ಯಲ್ಲೇಶನಿಗೆ ಆ ಮಾತು ಥಟ್ಟನೆ ನೆನಪಾಯಿತು. ಬಾಯ ತುಂಬ ನೊರೆ ಇಟ್ಟುಕೊಂಡೇ ಒಳಗೆ ಓಡಿಬಂದ.

“ಏ ತಡಿ, ತಡಿ! ಕೂಸಿನ್ನ ಎದಿಗೆ ಹಚ್ಚಬ್ಯಾಡ! ಡಾಕ್ಟರು ಹೇಳ್ಯಾರ!”

“ಏನಂತ ಹೇಳ್ಯಾರ?”

“ಎದಿಗೆ ಹಚ್ಚಬ್ಯಾಡ್ರಿ ಅಂದ್ರು. ಬಟ್ಟು ಎತ್ತಿ ಅಂದ್ರು.”

ಅನುರಾಧಾ ಬಿಳಿಚಿಕೊಂಡಳು. “ಅಯ್ಯ ಶಿವನ! ಈಗ ಹೇಳಾಕತ್ತೀರೇನು? ರಾತ್ರಿ ಎರಡ ಸಲ ಕುಡಿಸೇನಲ್ಲ!”

“ನನಗ ಈಗ ನೆಪ್ಪಾತು.”

“ನಿಮ್ಮ ನೆಪ್ಪಿಗೆ ಬೆಂಕಿ ಹಾಕ!”

ಅಷ್ಟರಲ್ಲಿ ಅಮರ ಎದುರಿಗಿದ್ದ ಊಟ ಕಣ್ಮರೆಯಾದದ್ದನ್ನು ಕಂಡು ಗಂಟಲು ಬಿಚ್ಚಿದ. ಅವನ ಅಳು ಗೋಡೆ ದಾಟಿತು. ಗೋಡೆಯಾಚೆ ಇದ್ದವಳು ಕಾಂತಾ. ತವರು ಮರಾಠಿ, ಮಾತು ಎರಡೂ ಕಲಸಿದ್ದು. ಅವಳು ಲಟ್ಟಣಿಗೆ ಹಿಡಿದೇ ಬಂದಳು. “ಅಗೋ ಬಾಈ, ಕಾಯ್ ಝಾಲಂ? ಏನಾತು? ಕೂಸು ಯಾಕ ಹಂಗ ಅಳಾಕತ್ತೈತಿ?” ಅವಳ ಹಿಂದೆಯೇ ಮನೆಯ ಮಾಲಕಿ ರೇಣವ್ವ ಬಂದಳು. ರೇಣವ್ವನಿಗೆ ಎಪ್ಪತ್ತಾಗಿತ್ತು, ಕಿವಿ ಸ್ವಲ್ಪ ಮಂದ, ಉಳಿದದ್ದೆಲ್ಲ ಚುರುಕು.

ಯಲ್ಲೇಶ ಸಂಗತಿ ಹೇಳಿದ. ಹೇಳಬಾರದಿತ್ತು.

“ಮುಖಕ್ಕ ಹಚ್ಚಿದ್ದು ಹಾಲಿಗೆ ಹೆಂಗ ಇಳಿಯತೈತಿ?” ಎಂದಳು ಕಾಂತಾ.

“ಇಂಗ್ಲಿಷ್ ಔಷಧ ಎಲ್ಲಿ ಬೇಕಾದಲ್ಲಿ ಇಳಿಯತೈತಿ,” ಎಂದಳು ರೇಣವ್ವ. “ನಮ್ಮ ಕಾಲದಾಗ ಮಾರಿಗೆ ಕಡ್ಲಿಹಿಟ್ಟು ಹಚ್ಚತಿದ್ವಿ. ಹಾಲಿಗೆ ಇಳದ್ರೂ ಉಣ್ಣೂ ಪಿಠಲಿ ಆಗತಿತ್ತು, ಅಷ್ಟ.”

ಬಳಿಕ ಸಲಹೆಗಳ ಸುರಿಮಳೆ ಶುರುವಾಯಿತು. ಕಾಂತಾ ಹಾಲಿನ ಪುಡಿಯ ಡಬ್ಬಿ ತರಿಸಿರಿ ಎಂದಳು. ರೇಣವ್ವ ಕೂಸಿಗೆ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮನೆ ತುಂಬ ಘಾಟು ಎದ್ದು ಕೂಸಿನ ಜತೆಗೆ ನಾಲ್ವರು ದೊಡ್ಡವರೂ ಕೆಮ್ಮಿದರು. ಅನುರಾಧಾ ಕಣ್ಣೊರೆಸಿಕೊಳ್ಳುತ್ತ ಗಂಡನ ಕಡೆ ತಿರುಗಿದಳು.

“ಸುಮ್ನ ನಿಂತು ಏನ ನೋಡಾಕತ್ತೀರಿ? ಲಗೂನ ಹೋಗಿ ಆ ಡಾಕ್ಟರನ್ನ ಕೇಳಿ ಬರ್ರಿ. ಇನ್ನ ಎಷ್ಟೊತ್ತು ಹಚ್ಚಬಾರದು, ಆಗಲೇ ಕುಡಿಸಿದ್ದಕ್ಕ ಏನ ಮಾಡೂದು, ಎಲ್ಲಾ ಕೇಳ್ರಿ. ಪೂರಾ ಕೇಳ್ರಿ!”

ಯಲ್ಲೇಶ ಹೊಸ್ತಿಲು ದಾಟುವಾಗ ತಿರುಗಿ ನಿಂತು, “ಯಾರೂ ಖಾನಾಪುರಕ್ಕ ಫೋನ್ ಮಾಡಬ್ಯಾಡ್ರಿ. ಅತ್ತಿ ಕಿವಿಗೆ ಬಿದ್ರ ನನ್ನ ಸಂಸಾರ ಮುಗೀತು,” ಎಂದು ಕೈಮುಗಿದ. ರೇಣವ್ವನ ಮಂದ ಕಿವಿಗೆ ಇದರಲ್ಲಿ ಎರಡೇ ಶಬ್ದ ಬಿದ್ದವು: ಖಾನಾಪುರ, ಫೋನ್. ಅತ್ತೆ ಮನೆಗೂ ಫೋನ್ ಮಾಡಿಸುವ ಹುಡುಗ ಎಷ್ಟು ಜವಾಬ್ದಾರಿಯವನು ಎಂದು ಮೆಚ್ಚಿಕೊಂಡ ಆಕೆ, ಅವನು ಬಸ್ಸು ಹತ್ತುವುದರೊಳಗೆ ಓಣಿಯ ತುದಿಯ ಎಸ್‌ಟಿಡಿ ಬೂತಿಗೆ ಹೊರಟೇಬಿಟ್ಟಿದ್ದಳು.

ಕ್ಯಾಂಪಿನ ದವಾಖಾನೆಗೆ ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಕಂಪೌಂಡರ್ ತಲೆ ಎತ್ತದೆಯೇ ಹೇಳಿದ: “ಇವತ್ತು ಗುರುವಾರ. ಸಾಹೇಬ್ರು ಖಾನಾಪುರದಾಗ ಕುಂದರ್ತಾರ.”

“ಎಲ್ಲಿ?”

“ಖಾನಾಪುರದಾಗರೀ. ಬಸ್‌ ಸ್ಟ್ಯಾಂಡ್ ಬಾಜು.”

ಇಡೀ ಬೆಳಗಾವಿ ಜಿಲ್ಲೆಯಲ್ಲಿ ಯಲ್ಲೇಶ ಇವತ್ತು ಹೋಗಬಾರದ ಊರೊಂದೇ ಇತ್ತು. ಡಾಕ್ಟರು ಅಲ್ಲಿಯೇ ಹೋಗಿ ಕೂತಿದ್ದರು. ಆದರೆ ಕಿವಿಯಲ್ಲಿ ಕೂಸಿನ ಅಳು ನಿಂತಿರಲಿಲ್ಲ. ಐದು ತಿಂಗಳ ಜೀವ ಹಸಿದಿರುವಾಗ ಅತ್ತೆಗೆ ಹೆದರಿ ಕೂತರೆ ತಾನೆಂಥ ಅಪ್ಪ ಎಂದು ತನ್ನನ್ನೇ ಬೈದುಕೊಂಡ. ಅವನು ಖಾನಾಪುರದ ಬಸ್ಸು ಹತ್ತಿ, ಟಾವೆಲ್ಲಿನಿಂದ ತಲೆ ಕಿವಿ ಸುತ್ತಿಕೊಂಡು, ಕಡೆಯ ಸೀಟಿನಲ್ಲಿ ಮುದುಡಿ ಕೂತ. ಡ್ರೈವರ್ ಹಾರ್ನ್ ಬಾರಿಸಿದಾಗಲೆಲ್ಲ ಅಮರನೇ ಕೂಗಿದಂತಾಗಿ ಎದ್ದು ಎದ್ದು ಕೂರುತ್ತಿದ್ದ. ಬಾಜೂ ಕೂತ ಮುದುಕ, “ಮೂಲವ್ಯಾಧಿ ಏನ್ರಿ?” ಎಂದು ಮರುಕದಿಂದ ಕೇಳಿದ.

ಪೀರನವಾಡಿ ದಾಟಿದ ಮೇಲೆ ಎದುರಿನಿಂದ ಬಂದ ಒಂದು ಬಸ್ಸಿನ ಕಿಟಕಿಯಿಂದ ಆಡೊಂದು ಮುಖ ಹೊರಗೆ ಹಾಕಿಕೊಂಡು ಗಾಳಿ ಕುಡಿಯುತ್ತಿತ್ತು. ಎಂಥೆಂಥ ಜನ ಇರುತ್ತಾರಪ್ಪಾ, ಆಡನ್ನೂ ಬಸ್ಸಿನಲ್ಲಿ ಒಯ್ಯುತ್ತಾರೆ ಎಂದುಕೊಂಡ ಯಲ್ಲೇಶ.

ಆ ಆಡಿನ ಹಗ್ಗ ಹಿಡಿದು ಕೂತವನು ಅವನ ಮಾವ ಹಣಮಪ್ಪ.

ಆದದ್ದಿಷ್ಟೇ. ರೇಣವ್ವ ಖಾನಾಪುರದ ಕಿರಾಣಿ ಅಂಗಡಿಗೆ ಫೋನ್ ಮಾಡಿ, ಕೂಸಿಗೆ ಹಾಲು ಕುಡಿಸುವುದು ನಿಲ್ಲಿಸಿದ್ದಾರೆ ಎಂದಿದ್ದಳು. ಅಂಗಡಿಯವನು ಬೀದಿಗೆ ಬಂದು, ಅನುರಾಧಾಗೆ ಹಾಲು ನಿಂತಿದೆಯಂತೆ ಎಂದು ಕೂಗಿದ್ದ. ಹಣಮಪ್ಪ ಕುರಿ ಕಾಯ್ದು ಬಾಳಿದ ಮನುಷ್ಯ. ಹಾಲು ನಿಂತಲ್ಲಿ ಏನು ಮಾಡಬೇಕೆಂಬುದಕ್ಕೆ ಅವನ ಬಳಿ ಒಂದೇ ಉತ್ತರವಿತ್ತು. ಹಿಂಡಿನಲ್ಲೇ ಜೋರಾಗಿ ಹಾಲು ಕೊಡುವ, ಈಗಷ್ಟೇ ಎರಡು ಮರಿ ಹಾಕಿದ್ದ ಆಡನ್ನು ಬಿಚ್ಚಿಕೊಂಡು ಸಿಕ್ಕ ಬಸ್ಸು ಹತ್ತಿದ್ದ.

ಖಾನಾಪುರದಲ್ಲಿ ಯಲ್ಲೇಶ ಇಳಿದು, ಟಾವೆಲ್ಲನ್ನು ಮೂಗಿನವರೆಗೆ ಎಳೆದುಕೊಂಡು, ಗೋಡೆಗೆ ಮೈ ತಾಗಿಸಿ ನಡೆದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ.

“ಯಾರವ ಅವ? ನಮ್ಮ ಅಳಿಯಂದಿರ ಚಪ್ಪಲಿ ಹಾಕ್ಕೊಂಡಾನಲ್ಲ!”

ಮಾಯಕ್ಕ. ಕೈಯಲ್ಲಿ ಚೀಲ, ಕಾಲಲ್ಲಿ ಅವಸರ. ಮರಿಗಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿ, ಬೆಳಗಾವಿಗೆ ಹೋಗಿ ಮಗಳನ್ನು ಕರೆತರಲೆಂದೇ ಬಸ್‌ ಸ್ಟ್ಯಾಂಡಿಗೆ ಬಂದಿದ್ದಳು. ಟಾವೆಲ್ ಕಳಚಿ ನೋಡಿದರೆ ಚಪ್ಪಲಿಯ ಜತೆಗೆ ಅಳಿಯನೂ ಇದ್ದ.

“ಅಲ್ರೀ, ಅಲ್ಲಿ ಕೂಸು ಹಾಲಿಲ್ಲದ ಸಾಯಾಕತ್ತೈತಿ, ನೀವು ಇಲ್ಲಿ ಕಳ್ಳರಂಗ ತಿರಗಾಕತ್ತೀರಿ?”

“ಡಾಕ್ಟರನ್ನ ಕೇಳಾಕ ಬಂದೇನ್ರಿ ಅತ್ತಿ.”

“ನಡೀರಿ, ನಾನೂ ಕೇಳತೇನಿ. ಏನ ಕೇಳೂದೈತಿ ಕೇಳಿಬಿಟ್ಟು ಹಂಗ ಬೆಳಗಾವಿಗೆ ಹೋಗೂಣು. ಮಗಳ ಅರಿವಿ ಕಟ್ಟಾಕ ಚೀಲಾ ತಂದೇನಿ.”

ದವಾಖಾನೆಯ ತುಂಬ ತುರಿಕೆಯವರು, ಗಜಕರ್ಣದವರು, ಜಾಂಬೋಟಿಯ ಗದ್ದೆ ಕೆಸರಲ್ಲಿ ಕಾಲು ಕೊಳೆಸಿಕೊಂಡವರು ಸರದಿ ಹಚ್ಚಿ ಕೂತಿದ್ದರು. ಮಾಯಕ್ಕ ಸರದಿ ಎಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವವಳಲ್ಲ. ಅಳಿಯನನ್ನು ಮುಂದೆ ದಬ್ಬಿಕೊಂಡು ಒಳಗೇ ನುಗ್ಗಿದಳು. ಸರದಿಯವರಿಗೂ ಬೇಸರವಾಗಲಿಲ್ಲ, ತಮ್ಮ ತುರಿಕೆ ಮರೆತು ಬಾಗಿಲಿಗೆ ಬಂದು ನಿಂತರು.

“ಸಾಹೇಬ್ರ, ನಿನ್ನಿ ನೀವು ಹೇಳಿದ್ರಲ್ಲ,” ಯಲ್ಲೇಶ ತೊದಲಿದ, “ಎದಿಗೆ ಹಚ್ಚಬ್ಯಾಡ್ರಿ ಅಂತ. ಮುಂಜಾನಿಂದ ಹಚ್ಚಿಲ್ಲರೀ. ಕೂಸು ಭಾಳ ಅಳಾಕತ್ತೈತಿ.”

“ಎದಿಗೆ ಮುಲಾಮು ಹಚ್ಚದಿದ್ರ ಕೂಸು ಯಾಕ ಅಳತೈತೊ ಮಾರಾಯಾ?”

“ಮುಲಾಮು ಅಲ್ಲರೀ, ಕೂಸಿನ್ನ. ಕೂಸಿನ್ನ ಎದಿಗೆ ಹಚ್ಚಿಲ್ಲ.”

ಡಾಕ್ಟರು ಕನ್ನಡಕ ತೆಗೆದರು. ಅವನನ್ನೊಮ್ಮೆ ನೋಡಿದರು, ಮಾಯಕ್ಕನನ್ನೊಮ್ಮೆ ನೋಡಿದರು. ಆಮೇಲೆ ಮೇಜಿನ ಮೇಲೆ ತಲೆ ಇಟ್ಟು ನಗತೊಡಗಿದರು. ಬಾಗಿಲಲ್ಲಿದ್ದ ಗಜಕರ್ಣದವರೂ ನಕ್ಕರು.

“ಅಲ್ಲೋ ಪುಣ್ಯಾತ್ಮಾ, ನಾ ಹೇಳಿದ್ದು ಮುಲಾಮಿನ ಮಾತು! ಮಾರಿಗೆ ಅಷ್ಟ ಹಚ್ಚಬೇಕು, ಎದಿಗೆ ಹಚ್ಚಬ್ಯಾಡ್ರಿ ಅಂದೆ. ಕೂಸಿನ ಬಾಯಿ ತಾಗೂ ಜಾಗಾ ಅಲ್ಲೇನು?” ಕಣ್ಣೊರೆಸಿಕೊಂಡು ಅವರು ಈ ಸಲ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. “ನೋಡು, ಈ ಮುಲಾಮು ಚರ್ಮದಾಗಿಂದ ಮೈಯೊಳಗ ಹೋಗೂದು ತೀರಾ ಕಡಿಮಿ. ಹಾಲಿಗೆ ಹೋಗೂದಂತೂ ಇಲ್ಲಂದ್ರೂ ನಡೀತೈತಿ. ತಾಯಿ ಆರಾಮಾಗಿ ಹಾಲು ಕುಡಿಸಲಿ. ಹಚ್ಚಿದ ಮ್ಯಾಲ ಕೈ ಛಲೋತ್ನಾಗಿ ತೊಳಕೋಬೇಕು. ಹಚ್ಚಿದ ಗಲ್ಲಾ ಕೂಸಿನ ಮಾರಿಗೆ ತಿಕ್ಕಬಾರದು, ಕೂಸು ಅದನ್ನ ನೆಕ್ಕಬಾರದು. ಇದ ಜಾತಿದು ನುಂಗೂ ಗುಳಿಗಿ ಬರತಾವ, ಅವು ಬ್ಯಾರೆ. ಹಚ್ಚಿದ್ರ ಅಡ್ಡಿಲ್ಲ, ನುಂಗಿದ್ರ ಮಾತ್ರ ಹಾಲು ಕುಡಿಸಬಾರದು. ಮುಂದ ಬಸುರಾದ್ರ ಈ ಮುಲಾಮೂ ಬಂದ್ ಮಾಡಬೇಕು. ತಿಳೀತೇನು?”

“ತಿಳೀತ್ರಿ.”

“ಹೇಳು ನೋಡೂಣು.”

ಯಲ್ಲೇಶ ಸಾಲಿ ಹುಡುಗನ ಹಾಗೆ ಕೈಕಟ್ಟಿ ಒಪ್ಪಿಸಿದ. ಒಂದು ಶಬ್ದ ಬಿಡಲಿಲ್ಲ.

“ಶಾಬಾಸ್. ಹೋಗು, ನಾ ನಕ್ಕಿದ್ದು ಮನಸ್ಸಿಗೆ ಹಚ್ಚಿಕೋಬ್ಯಾಡ.”

“ಏನು ಹಚ್ಚಿಕೋಬಾರದ್ರಿ?” ಎಂದ ಯಲ್ಲೇಶ ಗಾಬರಿಯಿಂದ. ಡಾಕ್ಟರು ಮತ್ತೆ ಮೇಜಿನ ಮೇಲೆ ತಲೆ ಇಟ್ಟರು.

ಹೊರಗೆ ಬಂದ ಮೇಲೆ ಮಾಯಕ್ಕ ಚೀಲವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡಳು. ಅವಳ ಮುಖ ಮೆತ್ತಗಾಗಿತ್ತು. “ಡಾಕ್ಟರ ಬಾಯಿಂದ ಕೇಳಿದೆ, ಸಮಾಧಾನ ಆತು. ನನ್ನ ಮಗಳು ಅಲ್ಲೇ ಇರಲಿ. ನೀವರ ಏನ ಮಾಡ್ತೀರಿ, ಕೂಸಿನ ಸಲುವಾಗಿ ಊಟಾ ಬಿಟ್ಟು ಓಡಿ ಬಂದೀರಿ.” ಅಷ್ಟಕ್ಕೆ ನಿಲ್ಲದೆ ಎರಡು ಬಾಳೆಹಣ್ಣು ಕೊಡಿಸಿ ಬಸ್ಸು ಹತ್ತಿಸಿದಳು. ಅತ್ತೆಯ ಕೈಯಿಂದ ಬಾಳೆಹಣ್ಣು! ಯಲ್ಲೇಶ ದಾರಿಯುದ್ದಕ್ಕೂ ಸಿಪ್ಪೆಯನ್ನು ಕೂಡ ಒಗೆಯದೆ ಹಿಡಿದುಕೊಂಡಿದ್ದ.

ಪೀರನವಾಡಿಯಲ್ಲಿ ಇಳಿದವನು ಮನೆಯವರೆಗೆ ಓಡಿದ. ಕೂಸು ಹಸಿವಿನಿಂದ ಸೋತುಹೋಗಿರಬೇಕು, ಅನುರಾಧಾ ಅತ್ತು ಅತ್ತು ಮಂಕಾಗಿರಬೇಕು. ಬಾಗಿಲು ತಳ್ಳಿದರೆ ಅನುರಾಧಾ ಗೋಡೆಗೆ ಒರಗಿ ಕೂತು ಆರಾಮವಾಗಿ ಹಾಲು ಕುಡಿಸುತ್ತಿದ್ದಳು. ಅಮರನ ಕಾಲು ತಾಳ ಹಾಕುತ್ತಿತ್ತು.

“ಏ, ಕುಡಿಸಾಕತ್ತಿ?”

“ನೀವು ಬಸ್ ಹತ್ತಿದ್ದ ಕುಡಿಸೇನಿ. ಕಾಂತಾನ ಗಂಡ ಮೆಡಿಕಲ್ ಅಂಗಡ್ಯಾಗ ಇರ್ತಾನಲ್ಲ, ಆಕಿ ಹೋಗಿ ಅವನ್ನ ಕೇಳ್ಕೊಂಡು ಬಂದ್ಲು. ಕುಡಿಸಾಕ ಏನೂ ಅಡ್ಡಿಲ್ಲಂದಾನ.”

ಯಲ್ಲೇಶನಿಗೆ ಸಿಟ್ಟು ಬರಬೇಕಿತ್ತು; ಬದಲಿಗೆ ಕಣ್ಣಲ್ಲಿ ನೀರು ಬಂತು. ಹೋಗಲಿ, ಕೂಸು ಕುಡಿಯಿತು, ಹೆಂಡತಿ ಉಳಿದಳು, ಅತ್ತೆ ಒಲಿದಳು. ಇನ್ನೇನು ಬೇಕು?

ಆಗ ಹಿತ್ತಲಿನಿಂದ “ಮ್ಯಾ” ಎಂಬ ಧ್ವನಿ ಬಂತು. ಅದರ ಹಿಂದೆಯೇ ಮಾವ ಹಣಮಪ್ಪ ಬಂದ.

“ಬಂದ್ಯಾ ಅಳ್ಯಾ? ಆಡ ತಂದೀನಿ. ಆ ಕಂಡಕ್ಟರ ಆಡಿಗೆ ಟಿಕೆಟ್ ತಗಿ ಅಂದ. ಹಂಗಾರ ಅದಕ್ಕೊಂದು ಸೀಟು ಕೊಡು ಅಂದೆ, ಗಪ್ ಆದ. ಇಲ್ಲಿ ಬಂದ್ರ ಹಾಲ ಐತಿ ಅಂತಾಳ ಮಗಳು. ಇರಲಿ, ಸಂಜಿ ಬಸ್ಸಿಗೆ ಹೊಳ್ಳಿ ಹೊಡಕೊಂಡು ಹೋಗತೇನಿ. ಮರಿ ಕಾಯಾಕತ್ತಾವ.”

ಎಲ್ಲವೂ ಇಲ್ಲಿಗೆ ಮುಗಿಯಬೇಕಿತ್ತು. ಅನುರಾಧಾ ಕೂಸನ್ನು ತೊಟ್ಟಿಲಿಗೆ ಹಾಕಿ, ಮುಲಾಮನ್ನು ಎತ್ತಿಡಲೆಂದು ಹಿತ್ತಲ ಕಿಟಕಿಗೆ ಹೋದಳು. ಕಿಟಕಿಯ ಕಟ್ಟೆಯ ಮೇಲೆ ಟ್ಯೂಬ್ ಇರಲಿಲ್ಲ. ಹೊರಗೆ, ಕಿಟಕಿಗೆ ಕಟ್ಟಿದ್ದ ಆಡಿನ ಬಾಯಿಂದ ಮುಲಾಮಿನ ಡಬ್ಬಿಯ ರಟ್ಟಿನ ಚೂರೊಂದು ಜೋತಾಡುತ್ತಿತ್ತು. ನೋಡನೋಡುತ್ತಲೇ ಅದೂ ಒಳಗೆ ಹೋಯಿತು. ಕಾಲ ಬುಡದಲ್ಲಿ ಟ್ಯೂಬಿನ ಬಿಳಿ ಮುಚ್ಚಳ ಬಿದ್ದಿತ್ತು.

“ಅಯ್ಯಯ್ಯ, ತಿಂದಬಿಟ್ಟೈತ್ರಿ!” ಎಂದು ಚೀರಿದಳು. ಕಾಂತಾ ಬಂದಳು, ರೇಣವ್ವ ಬಂದಳು. ಹಣಮಪ್ಪ ಆಡಿನ ಬಾಯಿ ಬಿಡಿಸಿ ಮೊಳಕೈವರೆಗೆ ಕೈ ಹಾಕಿ ನೋಡಿದ, ಏನೂ ಸಿಗಲಿಲ್ಲ.

“ಅಳ್ಯಾ, ನೀ ಡಾಕ್ಟರ ಕಡಿಂದ ಈಗರ ಬಂದಿ. ಇದಕ್ಕೇನೂ ಆಗಂಗಿಲ್ಲಲ್ಲ?”

ಯಲ್ಲೇಶ ಗಂಟಲು ಸರಿಮಾಡಿಕೊಂಡ. ಬೆಳಗಿನಿಂದ ಎಲ್ಲರೂ ಅವನ ಕಿವಿಯನ್ನು ಆಡಿಕೊಂಡಿದ್ದರು. ಈಗ ಪೂರಾ ಕೇಳಿಕೊಂಡು ಬಂದದ್ದನ್ನು ತೋರಿಸುವ ಸಂದರ್ಭ ಸಿಕ್ಕಿತ್ತು. ಬೆರಳೆತ್ತಿ, ಡಾಕ್ಟರ ಧ್ವನಿಯಲ್ಲಿಯೇ ಒಪ್ಪಿಸಿದ: “ಹಚ್ಚಿದ್ರ ಅಡ್ಡಿಲ್ಲ. ನುಂಗಿದ್ರ ಮಾತ್ರ ಹಾಲು ಕುಡಿಸಬಾರದು.”

“ಕುಡಿಸಬಾರದು?”

“ಬಿಲ್ಕುಲ್ ಕುಡಿಸಬಾರದು.”

ಹಣಮಪ್ಪ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತ. “ಹಂಗಾರ ಇದನ್ನ ಊರಿಗೆ ಒಯ್ಯಾಂಗಿಲ್ಲ. ತಾಯಿ ವಾಸನಿ ಬಂತಂದ್ರ ಮರಿ ಕಣ್ಣಿ ಹರಕೊಂಡು ಬಂದು ಕುಡೀತಾವ. ಇದು ಇಲ್ಲೇ ಇರಲಿ. ಎರಡೂ ಹೊತ್ತು ಹಿಂಡಿ ಚೆಲ್ಲಬೇಕು, ಇಲ್ಲಾಂದ್ರ ಕೆಚ್ಚಲ ಬಾವು ಬರತೈತಿ. ನನಗ ಇರಾಕ ಆಗಂಗಿಲ್ಲ, ಕುರಿ ಅದಾವ. ಅಲ್ಲಿ ಎರಡು ಮರಿಗೆ ಬಾಟ್ಲಿ ಹಿಡಿಯಾಕ ನಿಮ್ಮತ್ತಿ ಒಬ್ಬಾಕಿ ಏನ ಮಾಡ್ಯಾಳು? ಅನೂ, ನಡಿಯವಾ.”

“ಏ ಮಾವಾ, ಅದು ಹಂಗಲ್ಲ, ಡಾಕ್ಟರು ಹೇಳಿದ್ದು ಹೆಂಗಸ್ರಿಗೆ...”

“ಹೆಂಗಸಿನ ಹಾಲೇನು, ಆಡಿನ ಹಾಲೇನು? ಕೂಸಿಗೆ ಬ್ಯಾಡಾದದ್ದು ಮರಿಗೆ ಬೇಕಾಗತೈತೇನು?”

ಅನುರಾಧಾ ಆಗಲೇ ತೊಟ್ಟಿಲಿನ ಅರಿವೆ ಮಡಿಚುತ್ತಿದ್ದಳು. “ಪಾಪ, ಸಣ್ಣ ಮರಿ ಅವು. ಅವ್ವ ಒಬ್ಬಾಕಿ ಅದಾಳ. ನಾಕ ದಿವಸ ಹೋಗಿ ಬರತೇನ್ರಿ,” ಎಂದಳು. ಅವಳ ಕಣ್ಣಲ್ಲೂ ಬೇಸರವಿತ್ತು, ಆದರೆ ಹಸಿದ ಮರಿಗಳ ಮುಂದೆ ಅದು ನಿಲ್ಲಲಿಲ್ಲ. ಹಣಮಪ್ಪ ಬೂತಿನಿಂದ ಮಾಯಕ್ಕನಿಗೆ ಆಡಿನ ಸುದ್ದಿ ಮುಟ್ಟಿಸಿದ. ಸಂಜೆಯ ಬಸ್ಸು ಬಂತು. ಹೆಂಡತಿ, ಕೂಸು, ಮಾವ, ಮೂವರೂ ಹತ್ತಿದರು. ಅಮರ ಕಿಟಕಿಯಲ್ಲಿ ಬೊಚ್ಚು ಬಾಯಿ ಬಿಟ್ಟು ನಕ್ಕ. ಬಸ್ಸು ಹೋಯಿತು.

ಯಲ್ಲೇಶ ಹಿತ್ತಲಿಗೆ ಬಂದು ಚರಿಗೆ ಹಿಡಿದು ಆಡಿನ ಕೆಳಗೆ ಕೂತ. ಆಡು ಒದೆಯಿತು. ಸರಿದು ಕೂತ, ಅದೂ ಸರಿಯಿತು. ಮೂರನೆಯ ಸಲ ಅದು ಪೂರ್ತಿ ಜಾಗ ಬದಲಿಸಿದಾಗ, ಅದರ ಕಾಲಡಿಯ ಹುಲ್ಲಿನೊಳಗೆ ಏನೋ ಮಿರುಗಿತು. ಟ್ಯೂಬ್. ಮುಚ್ಚಳವಿಲ್ಲ, ಒಂದು ಹಲ್ಲಿನ ಗುರುತಿದೆ, ಮುಲಾಮು ನಿನ್ನೆ ಇದ್ದಷ್ಟೂ ಇದೆ. ಆಡು ತಿಂದದ್ದು ಬರೀ ರಟ್ಟಿನ ಡಬ್ಬಿ.

ಯಲ್ಲೇಶ ಟ್ಯೂಬ್ ಹಿಡಿದುಕೊಂಡೇ ಎಸ್‌ಟಿಡಿ ಬೂತಿಗೆ ಓಡಿದ. ಖಾನಾಪುರದ ಅಂಗಡಿಯವನು ಮಾಯಕ್ಕನನ್ನು ಕೂಗಿ ಕರೆದ.

“ಅತ್ತಿ, ಆಡು ಮುಲಾಮು ನುಂಗಿಲ್ಲರೀ! ಟ್ಯೂಬ್ ನನ್ನ ಕೈಯಾಗ ಐತಿ! ಅನೂ ಬಸ್ಸಿಂದ ಇಳದ್ಲಂದ್ರ ನಾಳೆ ಮುಂಜಾನೆನ ಹೊಳ್ಳಿ ಕಳಸ್ರಿ!”

ಮಾಯಕ್ಕ ಬಹಳ ಪ್ರೀತಿಯಿಂದ ಹೇಳಿದಳು.

“ಅಳಿಯಂದಿರ, ಹೆಂಡ್ತಿನ್ನ ಬಿಟ್ಟಿರಾಕ ಆಗಂಗಿಲ್ಲ, ನನಗ ಗೊತ್ತಾಗತೈತಿ. ಆದ್ರ ಮುಂಜಾನೆ ಕುಡಿಸಬ್ಯಾಡಂದ್ರಿ, ಮಧ್ಯಾಹ್ನ ಕುಡಿಸಬೇಕಂದ್ರಿ, ಸಂಜಿಗೆ ನುಂಗೈತಿ ಅಂದ್ರಿ, ಈಗ ನುಂಗಿಲ್ಲಂತೀರಿ. ನಿಮ್ಮ ಮಾತು ನಂಬಿ ನಾ ಮರಿ ಕಳಕೊಳ್ಳಲೇನು? ಮುಂದಿನ ಗುರುವಾರ ಡಾಕ್ಟರು ಬರ್ತಾರ. ಆಡ ಹೊಡಕೊಂಡು ಬರ್ರಿ. ಅವರು ಬಾಯಿ ನೋಡಿ ಹೂಂ ಅಂದ್ರ, ಆಡ ಇಲ್ಲಿ ಬಿಟ್ಟು ನಿಮ್ಮ ಹೆಂಡ್ತಿನ್ನ ಕರಕೊಂಡು ಹೋಗ್ರಿ.”

“ಅತ್ತಿ, ಅವರು ಚರ್ಮದ ಡಾಕ್ಟರ್ರೀ, ಆಡಿನ ಬಾಯಿ ಹೆಂಗ ನೋಡ್ತಾರ?”

ಫೋನ್ ಆಗಲೇ ಇಟ್ಟಿದ್ದಳು.